ಬೀಗರಿಗಾಗಿ ಓಡಿದ ಓಟ

ಸಮಾರಂಭದ ಅಧ್ಯಕ್ಷರಾದ ವೀರಪ್ಪನವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಡಾಕ್ಟರೇ, ನಮ್ಮ ಗೋಪಾಳ ಬಡಾವಣೆಯ ನಿವಾಸಿಗಳ ಸಂಘದ ಪದಾಧಿಕಾರಿಗಳೇ, ಪಕ್ಕದ ಶಾಮಿಯಾನದಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಹನಶೀಲ ಸಭಿಕರೇ,

ಎರಡು ಸಾವಿರದ ಎರಡನೇ ಇಸವಿಯ ಈ ರಾಜ್ಯೋತ್ಸವದಲ್ಲಿ ನನ್ನನ್ನು ಕರೆದು ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ, ತಲೆಗೆ ಮೈಸೂರು ಪೇಟ ಇಟ್ಟಿದ್ದೀರಿ. ಪೇಟ ನನ್ನ ತಲೆಗೆ ಸ್ವಲ್ಪ ದೊಡ್ಡದು. ಮಾತಿನ ನಡುವೆ ಅದು ಕಣ್ಣಿನ ಮೇಲೆ ಜಾರಿದರೆ ಕಾಂತರಾಜ್ ಭಾವುಕನಾದ ಎಂದು ಯಾರೂ ತಿಳಿಯಬಾರದಾಗಿ ವಿನಂತಿ.

ನನ್ನನ್ನು ಪರಿಚಯಿಸಿದ ಕಾರ್ಯದರ್ಶಿಗಳು ದೊಡ್ಡ ದೊಡ್ಡ ಮಾತುಗಳನ್ನಾಡಿದರು. ಭದ್ರಾವತಿಯ ಕಾರ್ಮಿಕರ ಕ್ಲಬ್ಬಿನ ಬೆಳ್ಳಿಹಬ್ಬದ ಮ್ಯಾರಥಾನ್ ಓಡಿ ಬಡಾವಣೆಗೆ ಕೀರ್ತಿ ತಂದವರು ಎಂದರು. ಯುವಕರಲ್ಲಿ ಆರೋಗ್ಯದ ಅರಿವು ಮೂಡಿಸಲು ಓಡಿದವರು ಎಂದರು. ಸ್ವಾಮಿ, ಯುವಕರು ಯಾರೂ ನನ್ನನ್ನು ನೋಡಲೇ ಇಲ್ಲ. ನಾನು ತಲುಪುವ ಹೊತ್ತಿಗೆ ಅವರೆಲ್ಲ ಸ್ನಾನ ಮಾಡಿ, ಊಟ ಮುಗಿಸಿ, ಒಂದು ನಿದ್ದೆಯನ್ನೂ ತೆಗೆದಿದ್ದರು. ಓಟ ಮುಗಿಸಿದವರಲ್ಲಿ ನಾನು ಕೊನೆಯವನು. ನನ್ನ ಹಿಂದೆ ಇದ್ದದ್ದು ಆಂಬುಲೆನ್ಸ್ ಒಂದೇ. ಅದೂ ಮಲವಗೊಪ್ಪದ ಹತ್ತಿರ ಬೇಸತ್ತು ನನ್ನನ್ನು ದಾಟಿಕೊಂಡು ಹೋಯಿತು.

ಹಾಗಾದರೆ ನಾನು ಓಡಿದ್ದೇಕೆ? ಆರೋಗ್ಯಕ್ಕಾಗಿಯೇ? ಅಲ್ಲ. ಕೀರ್ತಿಗಾಗಿಯೇ? ಖಂಡಿತ ಅಲ್ಲ. ನಾನು ಓಡಿದ್ದು ಮುರುಗೇಶಪ್ಪನವರು ನೋಡಲಿ ಎಂದು.

ಮುರುಗೇಶಪ್ಪನವರು ಯಾರೆಂದು ಹೇಳಬೇಕು. ಭದ್ರಾವತಿಯಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯಲ್ಲೇ ಅವರೂ ಇದ್ದಾರೆ. ನಾನು ಸ್ಟೋರ್ಸ್ ವಿಭಾಗದಲ್ಲಿ, ಅವರು ರಜೆ ಮಂಜೂರು ಮಾಡುವ ಆಫೀಸಿನಲ್ಲಿ. ಒಳ್ಳೆಯ ಮನುಷ್ಯರು, ಶಿಸ್ತಿನವರು. ಅವರ ಮಗನಿಗೆ ನನ್ನ ಮಗಳು ಮೈತ್ರಿಯನ್ನು ಕೇಳಿದ್ದರು. ಬಂದು ನೋಡಿದರು, ಉಪ್ಪಿಟ್ಟು ತಿಂದರು, ಜಾತಕ ಕೂಡಿಬಂತು. ನಾನು ಮನಸ್ಸಿನಲ್ಲಿ ಅವರನ್ನು ಆಗಲೇ ಬೀಗರೇ ಎಂದು ಕರೆಯಲು ಶುರುಮಾಡಿದ್ದೆ. ಅಷ್ಟರಲ್ಲಿ ಆ ಕಡೆಯಿಂದ ಮಾತೇ ನಿಂತುಹೋಯಿತು.

ಸಂಬಂಧ ತಂದಿದ್ದ ಉಜ್ಜನಪ್ಪನವರು ಒಂದು ಬೆಳಗ್ಗೆ ಬಸ್ ಸ್ಟಾಪಿನಲ್ಲಿ ಸಿಕ್ಕರು. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಕಾಂತರಾಜಪ್ಪ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮನೇಲಿ ಗಂಡಸರು ಐವತ್ತು ಮುಟ್ಟಲ್ಲ, ಎಲ್ಲರಿಗೂ ಹಾರ್ಟಿಂದೇ ತೊಂದ್ರೆ ಅಂತ ಮುರುಗೇಶಪ್ಪನೋರಿಗೆ ಗೊತ್ತಾಗಿದೆ. ಮಗನಿಗೆ ಮಾವ ಅಂತ ಒಬ್ರು ಗಟ್ಟಿಯಾಗಿ ಇರಬೇಕು ಅಂತಾರೆ ಮಾರಾಯ್ರೆ. ನಾಳೆ ಬಾಣಂತನ, ಹಬ್ಬ ಅಂದ್ರೆ ತವರು ಬೇಕಲ್ವಾ?"

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮಪ್ಪ ಚೌಡಪ್ಪನವರು ಫರ್ನೇಸಿನ ಮುಂದೆ ಡ್ಯೂಟಿಯಲ್ಲಿದ್ದಾಗಲೇ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ನಮ್ಮಣ್ಣ ಪ್ರಕಾಶ ಒಂದು ಮದುವೆಯ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದ. ಪಾಯಸ ಬಡಿಸಿಕೊಂಡ, ತಿನ್ನಲಿಲ್ಲ. ಇಬ್ಬರೂ ಐವತ್ತರ ಒಳಗೆ. ಅಣ್ಣ ಹೋದ ವಯಸ್ಸೇ ಈಗ ನನ್ನದು.

ಅಣ್ಣ ಹೋದ ಮೇಲೆ ನಮ್ಮ ಮನೆಯ ಕಾನೂನುಗಳೆಲ್ಲ ಬದಲಾದವು. ನನ್ನ ಹೆಂಡತಿ ಜಲಜಮ್ಮ ಎರಡನೇ ಸಾಲಿನಲ್ಲಿ ಕುಳಿತಿದ್ದಾಳೆ, ಬೇಕಾದರೆ ಕೇಳಿ. ನಾನು ಗ್ಯಾಸ್ ಸಿಲಿಂಡರ್ ಎತ್ತುವ ಹಾಗಿಲ್ಲ. ಅಕ್ಕಿ ಮೂಟೆ ಮುಟ್ಟುವ ಹಾಗಿಲ್ಲ. ಅಟ್ಟ ಹತ್ತುವ ಹಾಗಿಲ್ಲ. ಅವಳೇ ಎಲ್ಲರಿಗೂ ಹೇಳಿ, ನನ್ನಿಂದಲೂ ಅರ್ಜಿ ಬರೆಸಿ, ಕಾರ್ಖಾನೆಯ ರೋಲಿಂಗ್ ಮಿಲ್ಲಿನಿಂದ ಸ್ಟೋರ್ಸಿಗೆ ವರ್ಗ ಮಾಡಿಸಿದಳು. ಅಲ್ಲಿ ಕುರ್ಚಿಯ ಮೇಲೆ ಕುಳಿತು ಬೋಲ್ಟು ನಟ್ಟು ಕೊಡುವುದು ನನ್ನ ಕೆಲಸ. ಅದಕ್ಕಿಂತ ಮುಖ್ಯವಾದ ಕಾನೂನು, ಅಪ್ಪನಿಗೆ, ಅಂದರೆ ನನಗೆ, ಆಘಾತವಾಗುವ ಮಾತನ್ನು ಮನೆಯಲ್ಲಿ ಯಾರೂ ಆಡಬಾರದು. ನೆಂಟರಲ್ಲಿ ಯಾರಾದರೂ ತೀರಿಕೊಂಡರೆ ನನಗೆ ಗೊತ್ತಾಗುತ್ತಿದ್ದದ್ದು ವೈಕುಂಠ ಸಮಾರಾಧನೆಯ ಹೊತ್ತಿಗೆ. ಕ್ರಿಕೆಟ್ ಪಂದ್ಯದ ಕೊನೆಯ ಓವರುಗಳು ಬಂದರೆ ಟಿ.ವಿ. ಆರಿಸುತ್ತಿದ್ದರು. ಫಲಿತಾಂಶ ಮರುದಿನದ ಪೇಪರಿನಲ್ಲಿ ನೋಡಬೇಕು. ನಾವು ಸೋತಿದ್ದರೆ ಆ ದಿನ ಪೇಪರೂ ಇಲ್ಲ.

ನೀವು ನಗುತ್ತಿದ್ದೀರಿ. ನಾನೂ ಬೇರೆಯವರ ಮುಂದೆ ಇದನ್ನೆಲ್ಲ ನಗುತ್ತಲೇ ಹೇಳುತ್ತಿದ್ದೆ. ಆದರೆ ಭದ್ರಾವತಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತು, ಯಾರಿಗೂ ಕಾಣದ ಹಾಗೆ ಶಾಲಿನ ಕೆಳಗೆ ನನ್ನ ನಾಡಿ ನಾನೇ ಹಿಡಿದು ನೋಡಿಕೊಳ್ಳುತ್ತಿದ್ದೆ. ಡಾಕ್ಟರು ಏನೂ ಇಲ್ಲ ಎಂದರೆ, ಪಾಪ ಹೇಗೆ ಹೇಳುವುದು ಎಂದು ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ. ಮದುವೆ ಮನೆಗಳಲ್ಲಿ ಪಾಯಸ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದೆ. ಸಕ್ಕರೆ ಕಾಯಿಲೆ ಅಂತ ಹೇಳಿಕೊಂಡಿದ್ದೆ. ನನಗೆ ಸಕ್ಕರೆ ಕಾಯಿಲೆ ಇಲ್ಲ. ಇದನ್ನು ಇಲ್ಲಿ ಹೇಳಬೇಕು ಅಂದುಕೊಂಡು ಬಂದಿರಲಿಲ್ಲ, ಇರಲಿ.

ವಿಷಯಕ್ಕೆ ಬರುತ್ತೇನೆ. ಉಜ್ಜನಪ್ಪನವರ ಮಾತು ಕೇಳಿ ನನಗೆ ಮೊದಲು ಬಂದ ಯೋಚನೆ, ಈ ಸುದ್ದಿ ಮುಟ್ಟಿಸಿದವರು ಯಾರು ಎಂದು. ಈ ಸಭೆಯಲ್ಲಿ ಕುಳಿತಿರುವ ಕೆಲವು ಮಹನೀಯರ ಮೇಲೆಯೇ ನನಗೆ ಅನುಮಾನವಿತ್ತು. ಒಂದು ತಿಂಗಳು ನಾನು ಯಾರ ಕಡೆ ನೋಡಿ ನಗಲಿಲ್ಲವೋ, ಅವರೇ ಅವರು. ತಾವು ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಎರಡನೇ ಯೋಚನೆ, ಮುರುಗೇಶಪ್ಪನವರ ಮನಸ್ಸು ತಿರುಗಿಸುವುದು ಹೇಗೆ ಎಂದು.

ಬೇರೆ ಯಾರಾದರೂ ಆಗಿದ್ದರೆ ಡಾಕ್ಟರ ಸರ್ಟಿಫಿಕೇಟ್ ತೋರಿಸಬಹುದಿತ್ತು. ಆದರೆ ಇವರು ರಜೆ ಆಫೀಸಿನವರು. ಆಯುಧಪೂಜೆ ಬಂತೆಂದರೆ ನಮ್ಮಲ್ಲಿ ಒಂದೇ ವಾರ ಇಡೀ ವಿಭಾಗಕ್ಕೆ ಜ್ವರ ಬರುತ್ತದೆ, ಎಲ್ಲರ ಜ್ವರವೂ ಒಂದೇ ಕೈಬರಹದಲ್ಲಿರುತ್ತದೆ. ಅಂಥವುಗಳ ಮಧ್ಯೆ ಕೂದಲು ಹಣ್ಣು ಮಾಡಿಕೊಂಡ ಮುರುಗೇಶಪ್ಪನವರು ಸರ್ಟಿಫಿಕೇಟನ್ನು ನಂಬುತ್ತಾರೆಯೇ? ಕಣ್ಣಾರೆ ಕಂಡದ್ದನ್ನು ಮಾತ್ರ ನಂಬುವವರು ಅವರು. ಅದೇ ಹೊತ್ತಿಗೆ ಕ್ಲಬ್ಬಿನ ಬೋರ್ಡಿನ ಮೇಲೆ ಬೆಳ್ಳಿಹಬ್ಬದ ಮ್ಯಾರಥಾನಿನ ನೋಟಿಸು ಬಿತ್ತು. ಕಾರ್ಖಾನೆಯ ಗೇಟಿನಿಂದ ಹೊರಟು, ಭದ್ರಾವತಿ ಊರೊಳಗೆ ಒಂದು ಸುತ್ತು ಹಾಕಿ, ಶಿವಮೊಗ್ಗದ ತುಂಗಾ ಸೇತುವೆ ಮುಟ್ಟಿ ವಾಪಸ್ಸು ಗೇಟಿಗೆ. ಓಟದ ಉಸ್ತುವಾರಿ, ಕೊನೆಯ ಗೆರೆಯಲ್ಲಿ ಗಡಿಯಾರ ಹಿಡಿದು ನಿಲ್ಲುವವರು, ಶ್ರೀ ಮುರುಗೇಶಪ್ಪ. ನಾನು ಮರು ಯೋಚನೆ ಮಾಡದೆ ಹೆಸರು ಕೊಟ್ಟೆ. ಇಡೀ ದಾರಿ ಓಡಿ ಅವರ ಎದುರಿಗೆ ಹೋಗಿ ನಿಂತುಬಿಟ್ಟರೆ, ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವುದು?

ಅಭ್ಯಾಸದ ಬಗ್ಗೆ ಯುವಕರು ಕೇಳುತ್ತಾರೆ. ಅಭ್ಯಾಸ ಮಾಡುವುದೆಲ್ಲಿ ಸ್ವಾಮಿ? ಮನೆಯಲ್ಲಿ ನಾಲ್ಕು ಹೆಜ್ಜೆ ಜೋರಾಗಿ ಇಟ್ಟರೆ ಜಲಜಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬರುತ್ತಿದ್ದಳು. ಸಿಟಿ ಬಸ್ ಹತ್ತುವ ಬದಲು ಬಸ್ ಸ್ಟ್ಯಾಂಡಿನವರೆಗೆ ನಡೆದುಕೊಂಡು ಹೋಗಲು ಶುರುಮಾಡಿದೆ. ಮಧ್ಯಾಹ್ನ ಊಟದ ವಿರಾಮದಲ್ಲಿ ಗೋಡೌನಿನ ಹಿಂದೆ, ಹಳೆ ಪೈಪುಗಳ ಸಂದಿಯಲ್ಲಿ ಸ್ವಲ್ಪ ಓಡುತ್ತಿದ್ದೆ. ಊಟವಾದ ಮೇಲೆ ಓಡಬಾರದು ಎಂಬುದು ಅಲ್ಲಿ ಕಲಿತ ಪಾಠ. ಒಂದು ಭಾನುವಾರ ದೇವಸ್ಥಾನಕ್ಕೆಂದು ಹೇಳಿ ರಾಗಿಗುಡ್ಡ ಹತ್ತಿದೆ. ಹತ್ತಿದ್ದು ಚೆನ್ನಾಗಿಯೇ ಆಯಿತು, ಇಳಿಯುವಾಗ ಮೊಣಕಾಲು ಹಿಡಿದುಕೊಂಡು ವಾರವಿಡೀ ಕುಂಟಿದೆ. ಜಲಜಮ್ಮ ಅದಕ್ಕೂ ಹೃದಯವೇ ಕಾರಣವಿರಬೇಕೆಂದಳು. ಇಷ್ಟು ನನ್ನ ತಯಾರಿ.

ಓಟದ ದಿನ ಕ್ಲಬ್ಬಿನಲ್ಲಿ ಬೆಳ್ಳಿಹಬ್ಬದ ಕೆಲಸವಿದೆ ಎಂದು ಮನೆಯಲ್ಲಿ ಹೇಳಿ ಹೊರಟೆ. ಗಾಂಧಿ ಬಜಾರಿನಲ್ಲಿ ತಂದ ಹೊಸ ಕ್ಯಾನ್ವಾಸ್ ಶೂ ಅಂದೇ ಮೊದಲು ಹಾಕಿದ್ದು. ಹೊಸದಾಗಿರಲಿ, ಮುರುಗೇಶಪ್ಪನವರ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು ಪೆಟ್ಟಿಗೆಯಲ್ಲೇ ಇಟ್ಟಿದ್ದೆ. ಇದನ್ನು ಮಾತ್ರ ಯುವಕರು ಅನುಸರಿಸಬಾರದು. ಶಕ್ತಿ ಬರುತ್ತದೆ ಎಂದು ಯಾರೋ ಹೇಳಿದ್ದರಿಂದ ಒಂದು ಪೊಟ್ಟಣ ಗ್ಲೂಕೋಸ್ ಪುಡಿಯನ್ನು ನೀರಿಲ್ಲದೆ ಹಾಗೇ ಬಾಯಿಗೆ ಸುರಿದುಕೊಂಡೆ. ಮುರುಗೇಶಪ್ಪನವರು ನನ್ನನ್ನು ಸಾಲಿನಲ್ಲಿ ನೋಡಿದರು. ಅವರ ಮುಖ ಸ್ವಲ್ಪ ಬಿಳಿಚಿಕೊಂಡಿತು. ಸೀಟಿ ಊದಿದರು.

ಮಾಚೇನಹಳ್ಳಿಯವರೆಗೆ ನಾನು ಅಂಥ ಕೆಟ್ಟ ಓಟಗಾರನೇನಲ್ಲ ಅನ್ನಿಸಿತು. ನಿದಿಗೆಯಲ್ಲಿ ಹಿಮ್ಮಡಿಯ ಚರ್ಮ ಸುಲಿಯಿತು. ಮಲವಗೊಪ್ಪದಲ್ಲಿ ಹೊಟ್ಟೆ ಹಿಡಿದುಕೊಂಡು ಒಂದು ಗೂಡಂಗಡಿಯ ಬೆಂಚಿನ ಮೇಲೆ ಕುಳಿತೆ, ಟೀ ಕುಡಿದೆ, ಖಾರ ಮಂಡಕ್ಕಿ ತಿಂದೆ. ಅಂಗಡಿಯವನು ನನ್ನ ಎದೆಯ ಮೇಲಿನ ನಂಬರು ನೋಡಿ, "ಯಜಮಾನ್ರೆ, ಬಸ್ಸು ಇದೆ" ಅಂದ. ಹಾಗೂ ಹೀಗೂ ವಿದ್ಯಾನಗರ ದಾಟಿ ಸೇತುವೆಗೆ ಬಂದೆ. ಅಲ್ಲಿ ಕಾಲೇಜಿನ ಎನ್.ಎಸ್.ಎಸ್. ಹುಡುಗಿಯರು ಟೇಬಲ್ ಹಾಕಿಕೊಂಡು ನೀರು ಕೊಡುತ್ತಿದ್ದರು. ನನಗೆ ಲೋಟ ಚಾಚಿದವಳು ಮೈತ್ರಿ.

"ಅಪ್ಪಾ, ನೀವಿಲ್ಲಿ ಏನ್ ಮಾಡ್ತಿದೀರಿ?" ಎಂದಳು.

"ಕೆಲಸದ ಮೇಲೆ ಬಂದಿದೀನಿ" ಎಂದೆ. ಚಡ್ಡಿಯಲ್ಲಿ ನಿಂತ ಅಪ್ಪ ಬೇರೇನು ಹೇಳಬಲ್ಲ? ನೀರು ಕುಡಿದು ಹಿಂದಿರುಗಿ ನೋಡದೆ ಹೊರಟೆ.

ಅವಳು ಬಿಡಲಿಲ್ಲ. ಗೆಳತಿಯ ಸ್ಕೂಟಿ ಇಸಿದುಕೊಂಡು ಪಕ್ಕದಲ್ಲೇ ಬಂದಳು. ಹರಿಗೆ ದಾಟುವವರೆಗೂ ನಿಲ್ಲಿಸಿ ಎಂದು ಕೂಗಿದಳು, ಆಮೇಲೆ ಅಳುತ್ತಾ ಬಂದಳು. ನಿದಿಗೆ ಕೆರೆಯ ಹತ್ತಿರ ನನ್ನ ಕಾಲು ಮಾತು ಕೇಳದಾಯಿತು. ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತೆ. ಅವಳು ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತು ನನ್ನ ಎರಡೂ ಕೈ ಹಿಡಿದುಕೊಂಡಳು.

"ಯಾರಿಗೋಸ್ಕರ ಅಪ್ಪಾ ಇದೆಲ್ಲ?"

"ನಿನಗೋಸ್ಕರ ಮಾರಾಯ್ತಿ. ನಮ್ಮ ಮನೇಲಿ ಗಂಡಸರು ಉಳಿಯಲ್ಲ ಅಂತ ಯಾರೋ ಮುರುಗೇಶಪ್ಪನೋರ ತಲೆಗೆ ತುಂಬಿದಾರೆ. ನಾನು ಗಟ್ಟಿಯಾಗಿದೀನಿ ಅಂತ ಅವರು ನೋಡಲಿ."

ಅವಳು ತಲೆ ತಗ್ಗಿಸಿದಳು. "ಉಜ್ಜನಪ್ಪನೋರಿಗೆ ಹೇಳಿದ್ದು ನಾನೇ ಅಪ್ಪಾ. ಅಜ್ಜ ಹಿಂಗ್ ಹೋದ್ರು, ದೊಡ್ಡಪ್ಪ ಹಿಂಗ್ ಹೋದ್ರು, ಅವರಿಗೆ ಹೇಳ್ಬಿಡಿ ಅಂದೆ. ನಂಗೆ ಆ ಹುಡುಗ ಬೇಡ. ಬಂದ ದಿನ ಒಂದು ಮಾತೂ ಆಡ್ಲಿಲ್ಲ. ಏನ್ ಓದಿದೀರಿ ಅಂತ ನಾನು ಕೇಳಿದ್ರೆ ಅದಕ್ಕೂ ಅವರಪ್ಪನೇ ಉತ್ತರ ಹೇಳಿದ್ರು."

"ಬೇಡ ಅಂತ ನನಗೆ ಹೇಳಬಹುದಿತ್ತಲ್ಲೇ?"

"ನಿಮಗೆ ಹೆಂಗಪ್ಪಾ ಹೇಳೋದು? ನೀವು ಅಷ್ಟು ಖುಷಿಯಾಗಿದ್ರಿ. ಬೇಡ ಅಂದು, ನಿಮಗೆ ಏನಾದ್ರೂ ಆಗಿದ್ರೆ?"

ಸಭಿಕರೇ, ನನಗೆ ಸಿಟ್ಟು ಬಂತು. ಎಷ್ಟೋ ವರ್ಷಗಳ ಮೇಲೆ ಬಂದ ಸಿಟ್ಟು. ನಮ್ಮ ಮನೆಯಲ್ಲಿ ನನಗೆ ಸಿಟ್ಟು ಬರಲು ಯಾರೂ ಬಿಟ್ಟಿರಲಿಲ್ಲ. ರಸ್ತೆಯಲ್ಲೇ ಎದ್ದು ನಿಂತು ಬಾಯಿಗೆ ಬಂದಂತೆ ಕೂಗಾಡಿದೆ. ಲಾರಿಯವನೊಬ್ಬ ನಿಧಾನ ಮಾಡಿ, ಹುಡುಗಿಗೆ ಏನಾದರೂ ತೊಂದರೆಯೇ ಎಂದು ಇಣುಕಿ ನೋಡಿಹೋದ. ನನ್ನ ಎದೆ ಡಬಡಬ ಹೊಡೆದುಕೊಂಡಿತು. ಹೊಡೆದುಕೊಂಡು, ಆಮೇಲೆ ತನ್ನಷ್ಟಕ್ಕೆ ತಾನೇ ಸರಿಹೋಯಿತು. ನಾನು ಬೀಳಲಿಲ್ಲ. ನಾನು ಬೀಳಲಿಲ್ಲ ಎಂಬುದು ನನಗೂ ಅವಳಿಗೂ ಒಟ್ಟಿಗೇ ಗೊತ್ತಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತೆವು.

ಸಿಟ್ಟು ಇಳಿದ ಮೇಲೆ ಬಹಳ ದುಃಖವಾಯಿತು. ನನ್ನ ಮಗಳು ತನಗೆ ಬೇಡವಾದ ಒಂದು ಮಾತನ್ನು ಬೇಡ ಎನ್ನಲು ನನ್ನ ಸಾವನ್ನು ಮುಂದಿಟ್ಟುಕೊಳ್ಳಬೇಕಾಯಿತಲ್ಲ. ನಾನು ಆ ಮನೆಯಲ್ಲಿ ಉಣ್ಣುತ್ತಿದ್ದೆ, ಮಲಗುತ್ತಿದ್ದೆ, ಸಂಬಳ ತರುತ್ತಿದ್ದೆ. ಆದರೆ ಅವರ ಪಾಲಿಗೆ ನಾನು ಆಗಲೇ ಅರ್ಧ ಹೋಗಿದ್ದೆ. ಅವರನ್ನು ಹಾಗೆ ಮಾಡಿದ್ದು ನನ್ನ ಹೆದರಿಕೆಯೇ ಹೊರತು ಜಲಜಮ್ಮನ ಕಾನೂನಲ್ಲ. ಅವಳು ನನ್ನ ಹೆದರಿಕೆ ನೋಡಿಯೇ ಕಾನೂನು ಮಾಡಿದ್ದು.

ಜಲಜಾ, ಮಗಳ ಈ ವಿಷಯ ನಿನಗೆ ಈಗ ತಾನೇ ಗೊತ್ತಾಗುತ್ತಿದೆ ಎಂದು ನಿನ್ನ ಮುಖ ನೋಡಿದರೆ ತಿಳಿಯುತ್ತದೆ. ಬಾಯಿತಪ್ಪಿ ಬಂತು. ಮನೆಗೆ ಹೋದ ಮೇಲೆ ನನಗೆ ಎಷ್ಟು ಬೇಕಾದರೂ ಬೈಯಿ, ಅವಳಿಗೆ ಬೇಡ. ಬೈದರೂ ನನಗೆ ಏನೂ ಆಗುವುದಿಲ್ಲ.

ಮೈತ್ರಿ ಕಣ್ಣೊರೆಸಿಕೊಂಡು, "ಸ್ಕೂಟಿ ಹತ್ತಿ, ಮನೆಗೆ ಹೋಗೋಣ. ಇನ್ಯಾಕೆ ಓಡ್ತೀರಿ?" ಎಂದಳು. ಸರಿಯಾದ ಪ್ರಶ್ನೆ. ಬೀಗರೇ ಇಲ್ಲದ ಮೇಲೆ ಓಟ ಯಾರಿಗೆ? ನಾನೂ ಒಂದು ನಿಮಿಷ ಸ್ಕೂಟಿಯ ಸೀಟು ನೋಡಿದೆ. ಮೆತ್ತಗಿತ್ತು.

"ನೀನು ನನ್ನನ್ನ ಹಿಂದೆ ಕೂರಿಸ್ಕೊಂಡು ಹೋದ್ರೆ ನಿಮ್ಮಮ್ಮ ನಾಳೆಯಿಂದ ನನ್ನನ್ನ ಹಾಸಿಗೆಯಿಂದಾನೇ ಇಳಿಸಲ್ಲ ಕಣೆ. ನಾನೇ ನಡ್ಕೊಂಡು ಮುಗಿಸ್ತೀನಿ" ಎಂದೆ.

ಮುಗಿಸಿದೆ. ಓಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಶೂ ಬಿಚ್ಚಿ ಅವಳ ಸ್ಕೂಟಿಗೆ ನೇತುಹಾಕಿ ಬರಿಗಾಲಲ್ಲಿ ನಡೆದೆ. ಮಾಚೇನಹಳ್ಳಿಯಲ್ಲಿ ಒಂದಿಷ್ಟು ದೂರ ಓಡಲು ನೋಡಿದೆ, ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜಿಯೊಬ್ಬಳು ನನಗಿಂತ ಮುಂದೆ ಹೋದಳು. ದಾರಿಯುದ್ದಕ್ಕೂ ಮೈತ್ರಿ ಸ್ಕೂಟಿಯನ್ನು ನನ್ನ ವೇಗಕ್ಕೆ ಉರುಳಿಸುತ್ತಾ ಮಾತಾಡಿದಳು. ಯಾವ ಪರೀಕ್ಷೆಯಲ್ಲಿ ಫೇಲಾಗಿದ್ದಳು, ಯಾವ ನೆಂಟರ ಜೊತೆ ಜಗಳವಾಗಿತ್ತು, ಮನೆಯ ಸೂರು ಎಲ್ಲಿ ಸೋರುತ್ತಿದೆ, ಭಾರತ ಯಾವ ಯಾವ ಪಂದ್ಯ ಸೋತಿದೆ, ಅಷ್ಟು ವರ್ಷ ನನ್ನಿಂದ ಮುಚ್ಚಿಟ್ಟದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. ಕಡದಕಟ್ಟೆ ರೈಲ್ವೆ ಗೇಟು ಬರುವ ಹೊತ್ತಿಗೆ ನನ್ನ ಮನೆಯ ಸಮಾಚಾರ ನನಗೆ ಪೂರ್ತಿ ತಿಳಿದಿತ್ತು. ಅಷ್ಟು ಸಂತೋಷದ ದಿನವನ್ನು ನಾನು ಬಹಳ ಕಾಲದಿಂದ ಕಂಡಿರಲಿಲ್ಲ.

ಕಾರ್ಖಾನೆಯ ಗೇಟಿನಲ್ಲಿ ಶಾಮಿಯಾನ ಬಿಚ್ಚಿ ಲಾರಿಗೆ ತುಂಬುತ್ತಿದ್ದರು. ಬಹುಮಾನ ವಿತರಣೆ ಎಂದೋ ಮುಗಿದಿತ್ತು. ಮುರುಗೇಶಪ್ಪನವರು ಒಬ್ಬರೇ ಒಂದು ಮಡಚುವ ಕುರ್ಚಿಯ ಮೇಲೆ ಗಡಿಯಾರ ಹಿಡಿದು ಕುಳಿತಿದ್ದರು. ಕೊನೆಯವನು ಬರುವವರೆಗೆ ಗೆರೆ ಬಿಟ್ಟು ಏಳುವಂತಿಲ್ಲ ಎಂಬುದು ಅವರ ಶಿಸ್ತು. ನಾನು ಗೆರೆ ದಾಟಿದಾಗ ಎದ್ದು ನಿಂತು ನನ್ನ ಕೈ ಕುಲುಕಿದರು.

"ಕಾಂತರಾಜ್, ನಾನು ಬೇರೆಯವರ ಮಾತು ಕೇಳಬಾರದಿತ್ತು. ಮುಂದಿನ ಭಾನುವಾರ ಮನೆಗೆ ಬರ್ತೀವಿ" ಎಂದರು.

"ಬನ್ನಿ ಸಾರ್, ಊಟಕ್ಕೇ ಬನ್ನಿ. ಆದ್ರೆ ಸಂಬಂಧದ ಮಾತು ಬೇಡ. ನನ್ನ ಮಗಳಿಗೆ ಇಷ್ಟ ಇಲ್ವಂತೆ."

ಅವರು ನನ್ನ ಕಾಲು ನೋಡಿದರು, ಮುಖ ನೋಡಿದರು. "ಮತ್ತೆ ಇಷ್ಟು ದೂರ ಓಡಿದ್ದು?"

"ಅರ್ಧ ದಾರೀಲಿ ಗೊತ್ತಾಯ್ತು ಸಾರ್."

ಅವರು ಗಡಿಯಾರವನ್ನು ಜೇಬಿಗೆ ಹಾಕಿಕೊಂಡು ನಕ್ಕರು. ಇವತ್ತಿಗೂ ಎದುರು ಸಿಕ್ಕರೆ ಚೆನ್ನಾಗಿಯೇ ಮಾತಾಡುತ್ತೇವೆ. ಅವರ ಮಗನಿಗೆ ಬೇರೆ ಕಡೆ ಹೆಣ್ಣು ಗೊತ್ತಾಗಿದೆ ಎಂದು ಕೇಳಿದೆ. ಆ ಹುಡುಗನಿಗೆ ಒಳ್ಳೆಯದಾಗಲಿ.

ಸಂಜೆ ಮನೆಗೆ ಬಂದಾಗ ಜಲಜಮ್ಮ ಬಾಗಿಲಲ್ಲಿ ನಿಂತಿದ್ದಳು. ನನ್ನ ನಂಬರು, ನನ್ನ ಚಡ್ಡಿ, ನನ್ನ ಪಾದ ಎಲ್ಲವನ್ನೂ ನೋಡಿದಳು. ಕೂಗಾಡಲಿಲ್ಲ. ಬಿಸಿನೀರಿಗೆ ಉಪ್ಪು ಹಾಕಿ ತಂದು ನನ್ನ ಕಾಲು ಅದರಲ್ಲಿ ಇಟ್ಟಳು. "ಎದೆ ನೋವು ಬಂತಾ?" ಎಂದು ಕೇಳಿದಳು. "ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ನೋಯ್ತಿದೆ" ಎಂದೆ. ಆಮೇಲೆ ಅವಳು ಅತ್ತಳು. ಅವಳು ಅಳುವುದನ್ನೂ ಅಷ್ಟು ವರ್ಷ ನನ್ನಿಂದ ಮುಚ್ಚಿಟ್ಟಿದ್ದಳು.

ಮರುದಿನ ಬೆಳಗಿನ ಜಾವ ಏನಾಯಿತು ಎಂಬುದನ್ನು ಹೇಳಿ ಮುಗಿಸುತ್ತೇನೆ. ನಮ್ಮ ಗೋಪಾಳದಲ್ಲಿ ನಲ್ಲಿ ನೀರು ಯಾವಾಗ ಬರುತ್ತದೆ, ಎಷ್ಟು ಹೊತ್ತಿನಲ್ಲಿ ನಿಲ್ಲುತ್ತದೆ ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ. ಅಣ್ಣ ಹೋದಂದಿನಿಂದ ಆ ಹೊತ್ತಿನಲ್ಲಿ ನನಗೆ ಎಚ್ಚರವಾಗದ ಹಾಗೆ, ಜಲಜಮ್ಮ ಕತ್ತಲಲ್ಲೇ ಕೊಡಗಳನ್ನು ಶಬ್ದವಾಗದಂತೆ ಎತ್ತಿಕೊಂಡು ಹೋಗಿ ತಾನೊಬ್ಬಳೇ ನೀರು ತುಂಬುತ್ತಿದ್ದಳು. ನಾನು ಎಚ್ಚರವಿದ್ದುಕೊಂಡೇ ಕಣ್ಣು ಮುಚ್ಚಿ ಮಲಗಿರುತ್ತಿದ್ದೆ. ಅವತ್ತು ಅವಳು ಬಂದು ನನ್ನ ಹೊದಿಕೆ ಎಳೆದಳು.

"ರೀ, ನೀರು ಬಂತು. ಏಳಿ, ಎರಡು ಕೊಡ ಒಳಗೆ ತಂದಿಡಿ" ಎಂದಳು.

ಕಾಲು ನೆಲಕ್ಕೆ ಊರಲಾಗುತ್ತಿರಲಿಲ್ಲ. ಗೋಡೆ ಹಿಡಿದುಕೊಂಡು ಹೋದೆ. ಒಂದು ಕೊಡ ಹೆಗಲಿಗೆ ಏರಿಸಿದೆ. ಅವಳು ನನ್ನ ಹಿಂದೆಯೇ ಕೈ ಚಾಚಿಕೊಂಡು ಬಂದಳು. ಕೊಡ ಹಿಡಿಯಲಿಕ್ಕೋ ನನ್ನನ್ನು ಹಿಡಿಯಲಿಕ್ಕೋ ಗೊತ್ತಿಲ್ಲ, ಆದರೆ ಮುಟ್ಟಲಿಲ್ಲ. ನಾನು ಕೊಡ ಇಳಿಸಿ ಹಿಂತಿರುಗಿ ನೋಡಿದರೆ, ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಇನ್ನೊಂದು ಇದೆ" ಎಂದಳು. ಮಾನ್ಯರೇ, ನನಗೆ ಸನ್ಮಾನವಾದದ್ದು ಅವತ್ತು. ಇವತ್ತಿನದು ಎರಡನೆಯದು.

ನನ್ನಂಥ ಕೊನೆಯವನನ್ನು ಕರೆದು ಕೂರಿಸಿದ ಸಂಘಕ್ಕೆ, 'ಎರಡು ಮಾತು' ಎಂದು ಮೈಕು ಹಿಡಿದವನನ್ನು ಇಷ್ಟು ಹೊತ್ತು ತಡೆದುಕೊಂಡ ಅಧ್ಯಕ್ಷರಿಗೆ, ನನ್ನ ಮಾತು ಕೇಳುತ್ತಾ ಬಾತು ಆರಲು ಬಿಟ್ಟ ನಿಮಗೆಲ್ಲರಿಗೂ ವಂದನೆಗಳು. ಊಟ ಮಾಡಿಕೊಂಡು ಎಲ್ಲರೂ ಬೇಗ ಮಲಗೋಣ, ನಾಳೆ ನಮ್ಮ ಬೀದಿಗೆ ನೀರು ಬಿಡುವ ದಿನ. ನಮಸ್ಕಾರ.